ನಮ್ಮ ಮನೆಯ ಮುಂದಿನ ಭಾಗ ಖಾಲಿಯಾದದ್ದು

ಬಾಡಿಗೆಗೆ ಮನೆ ಕೊಟ್ಟು ಕೂತವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಕೊಟ್ಟವನ ಎದೆ ಮಾತ್ರ ಢವಢವ ಅನ್ನುತ್ತಿರುತ್ತದೆ. ನನಗೂ ಈಗ ನಗು ಬರುತ್ತದೆ. ಆಗ ಬಂದಿರಲಿಲ್ಲ.

ಎಪ್ಪತ್ತರ ದಶಕದ ಮಾತು. ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಾನು ಹತ್ತಿ ಗಿರಣಿಯಲ್ಲಿ ಗುಮಾಸ್ತ. ಮನೆಯ ಮುಂದಿನ ಪಡಸಾಲೆ ಮತ್ತು ಒಂದು ಖೋಲಿಯನ್ನು ತಿಕೋಟಾ ಕಡೆಯ ಬೀಜದ ವ್ಯಾಪಾರಿಯೊಬ್ಬರಿಗೆ ಬಾಡಿಗೆ ಕೊಟ್ಟಿದ್ದೆವು. ಹಿಂದಿನ ಎರಡು ಖೋಲಿಗಳಲ್ಲಿ ಅವ್ವ, ನಾನು, ಹೆಂಡತಿ, ನಾಲ್ಕು ಮಕ್ಕಳು ಮತ್ತು ನನ್ನ ತಮ್ಮ. ತಮ್ಮನಿಗೆ ಬಬಲೇಶ್ವರದ ಹೆಣ್ಣು ಗೊತ್ತಾಯಿತು. ಹೆಣ್ಣಿನ ಕಾಕಾ ಒಂದೇ ಮಾತು ಹೇಳಿ ಕಳಿಸಿದರು: "ಹುಡುಗ ನಮಗ ಒಪ್ಪಿಗಿ. ಆದ್ರ ನಮ್ಮ ಹುಡುಗಿಗೆ ಅಂತ ಒಂದು ಖೋಲಿ ಇರಬೇಕು. ಖೋಲಿ ಇಲ್ಲಂದ್ರ ಲಗ್ನ ಇಲ್ಲ."

ತಮ್ಮನಿಗೆ ಹುಡುಗಿ ಬಹಳ ಹಿಡಿಸಿದ್ದಳು. ಅಂದಿನಿಂದ ಅವನು ಎರಡು ರೊಟ್ಟಿ ತಿನ್ನುವಲ್ಲಿ ಅರ್ಧ ತಿಂದು ಏಳತೊಡಗಿದ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಕೆಟ್ಟ ಕಾಗದ

ವಕೀಲರ ಹತ್ತಿರ ಹೋದೆ. "ಬಾಯಿಮಾತು ನಡ್ಯಾಂಗಿಲ್ರಿ. ಸ್ವಂತಕ್ಕ ಬೇಕಾಗೇತಿ ಅಂತ ರಜಿಸ್ಟರ್ ನೋಟೀಸು ಕಳಸ್ರಿ" ಎಂದರು. ದಿನಾ ಒಂದೇ ಬಾಗಿಲಲ್ಲಿ ಮುಖ ನೋಡುವ ಮನುಷ್ಯನಿಗೆ ಅಂಚೆಯಲ್ಲಿ ಕಾಗದ! ಆದರೂ ಕಾಯಿದೆ ಕಾಯಿದೆಯೇ. ಕಳಿಸಿದೆ.

ಇಪ್ಪತ್ತು ದಿನವಾದರೂ ಉತ್ತರವಿಲ್ಲ. ಅಷ್ಟೇ ಅಲ್ಲ, ವ್ಯಾಪಾರಿ ದಿನಾ ಬೆಳಿಗ್ಗೆ ಹಲ್ಲು ಕಿಸಿದು "ಚಾ ಆತೇನ್ರಿ?" ಎನ್ನುತ್ತಿದ್ದರು. ನನ್ನ ಮೈ ಉರಿಯುತ್ತಿತ್ತು. ನೋಟೀಸು ಜೇಬಿನಲ್ಲಿಟ್ಟುಕೊಂಡು ಚಹಾ ಕೇಳುತ್ತಾನಲ್ಲ, ಎಂಥ ಗಟ್ಟಿ ಆಸಾಮಿ! ಕೊನೆಗೆ ಒಂದು ದಿನ ತಡೆಯಲಾರದೆ, "ಚಾ ಹಾಳಾಗಿ ಹೋಗ್ಲಿ, ನೋಟೀಸಿಗೆ ಏನಂತೀರಿ?" ಎಂದು ಒದರಿಯೇಬಿಟ್ಟೆ.

"ಯಾವ ನೋಟೀಸ್ರಿ?" ಅಂದರು ಅವರು, ಕಣ್ಣರಳಿಸಿ.

ಗದ್ದಲಕ್ಕೆ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ವಿಷಯ ಕೇಳಿ, ಒಳಗೆ ಹೋಗಿ, ಒಲೆಯ ಮೇಲಿನ ಮಾಡದಿಂದ ಹೊಗೆ ಹಿಡಿದ ಲಕೋಟೆ ತಂದಳು. "ಅಂಚ್ಯಾಂವ ಬಂದಾಗ ಇವರು ಅಂಗಡಿಯಾಗಿದ್ರು. ನಾನಽ ಹೆಬ್ಬಟ್ಟು ಒತ್ತಿ ಇಸ್ಕೊಂಡೆ."

"ಮತ್ತ ಕೊಡಲಿಲ್ಲ ಯಾಕಬೇ?"

"ರಜಿಸ್ಟರ್ ಅಂದ್ರ ಕೆಟ್ಟ ಸುದ್ದೀನಽ ಇರ್ತೈತಿ. ಹಬ್ಬದಾಗ ಪಾಪ ಅವರ ಮನಸ್ಸು ಯಾಕ ಕೆಡಸೂದು ಅಂತ ಮುಚ್ಚಿಟ್ಟೆ. ಯಾವ ಮನಿಹಾಳ ಬರದಾನೋ ಏನೋ!"

ತುಂಬಿದ ಮನೆ

ವ್ಯಾಪಾರಿ ನೋಟೀಸು ಓದಿ, "ಇಷ್ಟಽ ಏನ್ರಿ? ಹುಡುಗನ ಲಗ್ನ ಅಂದ್ರ ನಾಳೆ ಬಿಡ್ತೀನಿ" ಎಂದರು. ಮಾತಿನಂತೆ ವಾರದೊಳಗೆ ಎರಡು ಬಂಡಿಯಲ್ಲಿ ಸಾಮಾನು ಹೇರಿಕೊಂಡು ಇಬ್ರಾಹಿಂಪುರದ ರೈಲು ಹಳಿಯ ಹತ್ತಿರ ಹೊಸ ಮನೆಗೆ ನಡೆದರು. ನಾನು ಪೇಢೆ ತೆಗೆದುಕೊಂಡು ವಕೀಲರ ಮನೆಗೆ ಓಡಿದೆ. ಅವರು ಪೇಢೆ ಬಾಯಿಗೆ ಹಾಕಿಕೊಂಡು ನನ್ನ ಬಾಯಿ ಕಹಿ ಮಾಡಿದರು.

"ಖಾಲಿ ಆದ ಹದಿನೈದು ದಿನದಾಗ ರೆಂಟ್ ಕಂಟ್ರೋಲ್ ಸಾಹೇಬ್ರಿಗೆ ತಿಳಸ್ಬೇಕ್ರಿ. ಅವರು ನಿಮಗಽ ಬಿಟ್ಟುಕೊಡಬಹುದು, ಇಲ್ಲಾ ಯಾರರೆ ಸರಕಾರಿ ನೌಕರರಿಗೆ ಕೊಡಬಹುದು. ಹುಕುಂ ಬರೂತನ ಒಳಗ ಒಂದು ತಂಬಿಗಿ ಸೈತ ಇಡಬ್ಯಾಡ್ರಿ."

ಅರ್ಜಿ ಕೊಟ್ಟೆ. ಎರಡು ಖೋಲಿಯಲ್ಲಿ ಎಂಟು ಜನ ಮಗ್ಗುಲಾಗಿ ಮಲಗಿ, ನಮ್ಮದೇ ಮುಂದಿನ ಭಾಗಕ್ಕೆ ಬೀಗ ಹಾಕಿಕೊಂಡು ಕೂತೆವು. ಕೀಲಿಕೈ ನನ್ನ ಜನಿವಾರದಂತೆ ಸದಾ ಮೈಮೇಲೆ.

ಒಂದು ದಿನ ನಾನು ಗಿರಣಿಯಲ್ಲಿದ್ದಾಗ ರೆಂಟ್ ಕಂಟ್ರೋಲ್ ಕಚೇರಿಯಿಂದ ತಪಾಸಣೆಯ ಕಾರಕೂನ ಬಂದ. ಹೊಸಬ, ಅವಸರದವನು. ಬೀಗ ನೋಡಿ ಅವ್ವನನ್ನು ಕೇಳಿದ: "ಅವ್ವಾರ, ಮನಿ ಖಾಲಿ ಐತೇನ್ರಿ?"

ನಮ್ಮ ಹೆಂಗಸರ ಬಾಯಲ್ಲಿ ಈ ಖಾಲಿ ಎಂಬ ಮಾತು ಬರುವುದಿಲ್ಲ. ಕುಂಕುಮ ತೀರಿದರೆ ಹೆಚ್ಚೈತಿ ಎನ್ನುತ್ತಾರೆ, ಹಿಟ್ಟಿನ ಡಬ್ಬಿ ಬರಿದಾದರೆ ತುಂಬೈತಿ ಎನ್ನುತ್ತಾರೆ. ಅದರಲ್ಲೂ ಲಗ್ನ ಗೊತ್ತಾದ ಮನೆ.

"ಬಿಡ್ತು ಅನ್ನೋ ಯಪ್ಪಾ! ತುಂಬೈತಿ" ಎಂದಳು ಅವ್ವ.

ಸಂಜೆ ನನಗೆ ಸಂಭ್ರಮದಿಂದ ವರದಿ ಒಪ್ಪಿಸಿದಳು: "ಭಾಳ ಶಾಣ್ಯಾ ಹುಡುಗ ಅಂವಾ. ಛಲೋ ಮಾತು ಆಡಿದ ಕೂಡ್ಲೇ ಬರಕೊಂಡು ಹೆಬ್ಬಟ್ಟೂ ಒತ್ತಿಸಿಕೊಂಡಾನ!"

ಚೇಳಿನ ಪರಿಚಯ

ಹೆಣ್ಣಿನ ಕಾಕಾ ಖೋಲಿ ನೋಡಲು ಬರುತ್ತಾರೆಂದು ಸುದ್ದಿ ಬಂತು. ನಾವು ಯಾರೂ ಅವರ ಮುಖ ನೋಡಿರಲಿಲ್ಲ. ಮಂಗಳವಾರ ಕರಿ ಟೊಪ್ಪಿಗೆಯ, ಛತ್ರಿ ಹಿಡಿದ ಹಿರಿಯರೊಬ್ಬರು ಬಂದು "ಮನಿ ನೋಡಬೇಕಿತ್ರಿ" ಎಂದರು. ಅವ್ವ ಹೋಳಿಗೆ ತಿನ್ನಿಸಿ, ಕಿಟಕಿಯಿಂದ ಒಳಗೆಲ್ಲ ತೋರಿಸಿ, ಬ್ಯಾಸಿಗೆಯಲ್ಲೂ ಬತ್ತದ ಬಾವಿ, ತಣ್ಣನೆಯ ಗಾಳಿ, ಒಳ್ಳೆಯ ನೆರೆಹೊರೆ ಎಂದು ಬಾಯಿತುಂಬ ಹೊಗಳಿದಳು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವರು ಬಾಯಿ ಒರೆಸಿಕೊಳ್ಳುತ್ತ ಹೊರಟಿದ್ದರು. "ನಾ ಇಲ್ಲಿಗೆ ಹೊಸದಾಗಿ ವರ್ಗ ಆಗಿ ಬಂದೇನ್ರಿ. ಮನಿ ಭಾಳ ಪಸಂದ ಬಿತ್ತು. ಇವತ್ತಽ ರೆಂಟ್ ಕಂಟ್ರೋಲಿಗೆ ಅರ್ಜಿ ಹಾಕ್ತೀನಿ."

ನನಗೆ ಭೂಮಿ ಬಾಯಿ ಬಿಟ್ಟಂತಾಯಿತು. ಇನ್ನು ಯಾರಾದರೂ ಮನೆ ನೋಡಲು ಬರಲಿ, ನಾನೇ ನೋಡಿಕೊಳ್ಳುತ್ತೇನೆ ಎಂದು ರಜೆ ಹಾಕಿ ಕಟ್ಟೆಯ ಮೇಲೆ ಕೂತೆ.

ಗುರುವಾರ ಇನ್ನೊಬ್ಬರು ಬಂದರು. ಮತ್ತೆ ಕರಿ ಟೊಪ್ಪಿಗೆ, ಮತ್ತೆ ಛತ್ರಿ, ಮತ್ತೆ "ಮನಿ ನೋಡಬೇಕಿತ್ರಿ."

"ಏನ್ ನೋಡ್ತೀರಿ ಸಾಹೇಬ್ರ? ಮ್ಯಾಳಗಿ ಸೋರ್ತೈತಿ. ಬಾವಿ ನೀರು ಉಪ್ಪು. ಖೋಲಿಯಾಗ ಮೊಳಕೈ ಉದ್ದದ ಚೇಳು ಅದಾವು. ಹೋದ ವರ್ಷ ಒಬ್ಬಾಂವ ಸ್ವಲ್ಪದಾಗ ಉಳದಾನ."

ಅವರು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು. "ನಾ ಬಬಲೇಶ್ವರದಾಂವ್ರಿ. ಹುಡುಗಿ ಕಾಕಾ."

ಆಮೇಲೆ ಕಾಲು ಹಿಡಿಯುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ. ಕಾಕಾ ಒಳ್ಳೆಯ ಮನುಷ್ಯ, ಕೇಳಿ ನಕ್ಕರು. ಹೊರಡುವಾಗ ಮಾತ್ರ ಗಟ್ಟಿಯಾಗಿ ಹೇಳಿದರು: "ಹುಕುಂ ಕೈಯಾಗ ಬರಲಿ, ಆಮ್ಯಾಲ ಲಗ್ನದ ಅಕ್ಕಿಕಾಳು. ಮತ್ತ ಆ ಚೇಳಿಗೂ ಒಂದು ನೋಟೀಸು ಕಳಸ್ರಿ."

ಬರ್ತೀನಿ

ವಿಚಾರಣೆಯ ದಿನ ಬಂತು. ತಮ್ಮ ಹಿಂದಿನ ದಿನದಿಂದ ನೀರು ಕೂಡ ಕುಡಿದಿರಲಿಲ್ಲ. ರೆಂಟ್ ಕಂಟ್ರೋಲ್ ಸಾಹೇಬರು ಉತ್ತರ ಭಾರತದ ಕಡೆಯ ತರುಣ. ಪುಸ್ತಕ ಇಟ್ಟುಕೊಂಡು ಕನ್ನಡ ಕಲಿತವರು. ಒಂದು ಕಡೆ ನಾವು, ಇನ್ನೊಂದು ಕಡೆ ನಮ್ಮ ಹೋಳಿಗೆ ತಿಂದುಹೋದ ಸರಕಾರಿ ನೌಕರರು.

ಸಾಹೇಬರು ಕಾರಕೂನನ ವರದಿ ಕೈಗೆತ್ತಿಕೊಂಡರು. "ನೀವು ಖಾಲಿ ಎಂದು ಅರ್ಜಿ ಕೊಟ್ಟಿದ್ದೀರಿ. ಇಲ್ಲಿ ತುಂಬಿದೆ ಎಂದಿದೆ. ಅಜ್ಜಿ, ಬಾಡಿಗೆಯವರು ಹೋದರೋ ಇಲ್ಲವೋ? ಹೊರಡುವಾಗ ಏನು ಹೇಳಿದರು?"

ಅವ್ವ ಸೆರಗು ಸರಿಪಡಿಸಿಕೊಂಡು ಖರೇ ಖರೇ ಹೇಳಿದಳು: "ಬರ್ತೀನಿ ಅಂದಾರ್ರಿ."

ಸಾಹೇಬರ ಹುಬ್ಬು ಮೇಲೇರಿತು. ಸಾಕ್ಷಿಗೆ ಬಂದಿದ್ದ ವ್ಯಾಪಾರಿಯನ್ನು ಕರೆದರು. "ನೀವು ಬರುತ್ತೇನೆ ಎಂದಿರಾ?"

"ಅಂದೇನ್ರಿ."

"ಯಾವಾಗ ಬರುತ್ತೀರಿ?"

"ಬರೂದಿಲ್ರಿ."

"ಮತ್ತೆ ಬರುತ್ತೇನೆ ಎಂದು ಏಕೆ ಹೇಳಿದಿರಿ?"

"ಹೋಗಾಕತ್ತಿದ್ನೆಲ್ರಿ, ಅದಕ್ಕ."

ನಮ್ಮ ವಕೀಲರು ಎದ್ದು, ಇದು ನಮ್ಮವರು ಮಾತಾಡುವ ರೀತಿ ಎಂದು ತಿಳಿಸಿ ಹೇಳಲು ಹೋದರು. ಸಾಹೇಬರು ಕೆಂಪಾದರು. "ಖಾಲಿ ಇದ್ದರೆ ತುಂಬಿದೆ. ಹೋಗುವುದಿದ್ದರೆ ಬರುತ್ತೇನೆ. ನನ್ನ ಜೊತೆ ಹುಡುಗಾಟವೇ? ಅರ್ಜಿ ಸುಳ್ಳು ಎಂದು ಬರೆಯುತ್ತೇನೆ." ಪೆನ್ನಿನ ಟೋಪಿ ತೆಗೆದರು. ತಮ್ಮ ನನ್ನ ತೋಳನ್ನು ಉಗುರು ನೆಡುವಂತೆ ಹಿಡಿದ.

ಅಷ್ಟರಲ್ಲಿ ಆ ಸರಕಾರಿ ನೌಕರರು ಗಡಿಯಾರ ನೋಡಿಕೊಂಡರು. ಕೆಲಸ ಮುಗಿದಂತೆಯೇ ಎಂದು ಅವರಿಗೆ ಧೈರ್ಯ ಬಂದಿರಬೇಕು. ಎದ್ದು, ಛತ್ರಿ ಕಂಕುಳಲ್ಲಿ ಇರುಕಿಕೊಂಡು, ಕೈಮುಗಿದು ಹೇಳಿದರು: "ನನಗ ಆಫೀಸಿಗೆ ಹೊತ್ತಾತ್ರಿ ಸಾಹೇಬ್ರ. ಬರ್ತೀನ್ರಿ."

ಪೆನ್ನು ನಿಂತಿತು. "ಮತ್ತೆ ಯಾವಾಗ ಬರುತ್ತೀರಿ?"

"ಇಲ್ರಿ, ಬರೂದಿಲ್ಲ. ಹೋಗಾಕತ್ತೇನಿ."

ಸಾಹೇಬರು ಅವರನ್ನು ನೋಡಿದರು, ವ್ಯಾಪಾರಿಯನ್ನು ನೋಡಿದರು, ಅವ್ವನನ್ನು ನೋಡಿದರು. ಆಮೇಲೆ ಮೇಜಿಗೆ ಹಣೆ ಹಚ್ಚಿ ನಗಲಿಕ್ಕೆ ಹತ್ತಿದರು. ಕಣ್ಣೊರೆಸಿಕೊಂಡು, ಮನೆಯನ್ನು ಮಾಲೀಕರ ಸ್ವಂತಕ್ಕೆ ಬಿಡಲಾಗಿದೆ ಎಂದು ಬರೆದು ಸಹಿ ಮಾಡಿ, ನನ್ನ ಕೈಯಲ್ಲೇ ಕೊಟ್ಟರು. ತಮ್ಮ ಅಲ್ಲೇ ನೆಲಕ್ಕೆ ಕುಕ್ಕರಿಸಿ ಅತ್ತುಬಿಟ್ಟ. ನನಗೂ ಕಣ್ಣು ತುಂಬಿ ಅಕ್ಷರ ಕಾಣಲಿಲ್ಲ.

ಅವ್ವ ಸಾಹೇಬರ ಮುಂದೆ ಹೋಗಿ, ತಾಯಿಯ ಕಕ್ಕುಲಾತಿಯಿಂದ ಎರಡೂ ಕೈ ಮುಗಿದಳು. "ನಿನ್ನ ಹೊಟ್ಟಿ ತಣ್ಣಗಿರಲೋ ಯಪ್ಪಾ. ಬರ್ತೀವಿ."

ಸಾಹೇಬರು ಗಾಬರಿಯಿಂದ ಎದ್ದುನಿಂತು, ತಾವೂ ಎರಡೂ ಕೈ ಮುಗಿದು ಬೇಡಿಕೊಂಡರು: "ಬೇಡ ಅಜ್ಜಿ! ದಯವಿಟ್ಟು ಹೋಗಿ!"

ಅವ್ವನ ಮುಖ ಬಾಡಿತು. ಹೊರಗೆ ಮೆಟ್ಟಿಲಿಳಿಯುವಾಗ ನನ್ನ ಕಿವಿಯಲ್ಲಿ ಉಸುರಿದಳು: "ಲಗ್ನದ ಮನಿಯವರಿಗೆ ಹೋಗ್ರಿ ಅಂತಾನಲ್ಲೋ! ಹಿಂಗ ಮಾತಾಡಿದ್ರ ಇಂವಗ ಈ ಊರಾಗ ಯಾರು ಬಾಡಿಗಿ ಮನಿ ಕೊಡತಾರ?"