ಡಾಕ್ಟರರ ಕುರ್ಚಿಯಲ್ಲಿ ಗುರುವಪ್ಪ

ಮುಂಬ್ರಾ ಹತ್ತಿರ ಯಾರೋ ಹಾರಿಸಿದ ಗಾಳಿಪಟದ ಮಾಂಜಾ ದಾರ ರೈಲಿನ ತಂತಿಗೆ ಸುತ್ತಿಕೊಂಡದ್ದೇ ಎಲ್ಲಕ್ಕೂ ಮೂಲ. ಸಂಕ್ರಾಂತಿ ಮುಗಿದು ನಾಲ್ಕು ದಿನವಾಗಿದ್ದರೂ ಗಾಳಿಪಟದವರ ಉತ್ಸಾಹ ಇಳಿದಿರಲಿಲ್ಲ. ಮೊದಲು ಎರಡು ಫಾಸ್ಟ್ ಲೋಕಲ್ ನಿಂತವು. ಅವುಗಳ ಹಿಂದೆ ಸ್ಲೋ ಗಾಡಿಗಳು ನಿಂತವು. ಠಾಣೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಡಾಕ್ಟರು, ಒಬ್ಬ ಇಂಜಿನಿಯರು, ಒಬ್ಬ ವಕೀಲರು ನಿಂತರು. ಈ ಮೂವರು ಅಲ್ಲಿ ನಿಂತುಬಿಟ್ಟದ್ದರಿಂದ ಡೊಂಬಿವಲಿಯ ಕನ್ನಡ ಹೈಸ್ಕೂಲೊಂದರಲ್ಲಿ ಲಕ್ಷ್ಮೀಕಾಂತ ಮಾಸ್ತರರ ಎದೆಯೇ ನಿಂತಂತಾಯಿತು.

1997ರ ಆ ಶನಿವಾರ ಒಂಬತ್ತು ಮತ್ತು ಹತ್ತನೆಯ ತರಗತಿಯವರಿಗೆಂದು ಶಾಲೆಯಲ್ಲಿ ‘ವೃತ್ತಿ ಮಾರ್ಗದರ್ಶನ ದಿನ’ ಇಟ್ಟುಕೊಂಡಿದ್ದರು. ಆ ಮೂವರೇ ಅತಿಥಿಗಳು, ಪೂರ್ತಿ ಹೊಣೆ ಮಾಸ್ತರರದು. ಅವರು ಆರು ವರ್ಷಗಳಿಂದ ಅಲ್ಲಿ ಹಂಗಾಮಿ. ಜೂನಿನಲ್ಲಿ ಕೈಗೆ ಬರುವ ನೇಮಕದ ಕಾಗದ ಏಪ್ರಿಲ್ಲಿನಲ್ಲಿ ಪ್ರಾಣ ಬಿಡುತ್ತಿತ್ತು. ಮೇ ತಿಂಗಳು ಪೂರ್ತಿ, ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಮಾಸ್ತರರಿಗೆ ಕೆಮ್ಮು ಬರುತ್ತಿತ್ತು. ಈ ವರ್ಷ ಮಾತ್ರ ದೇವರು ಕಣ್ಣು ಬಿಟ್ಟಂತಿತ್ತು. ‘ವೃತ್ತಿ ಮಾರ್ಗದರ್ಶಕ ಶಿಕ್ಷಕ’ ಎಂಬ ಹೊಸ ಕಾಯಂ ಹುದ್ದೆಗೆ ಶಾಲೆ ಅರ್ಜಿ ಹಾಕಿತ್ತು. ಮಾಸ್ತರರು ಪುಣೆಯಲ್ಲಿ ಹತ್ತು ದಿನ ತರಬೇತಿ ಪಡೆದು ದಪ್ಪನೆಯ ಫೈಲೊಂದನ್ನು ಬಗಲಲ್ಲಿ ಇಟ್ಟುಕೊಂಡು ಬಂದಿದ್ದರು. ಹನ್ನೊಂದು ಗಂಟೆಗೆ ಶಿಕ್ಷಣ ಇಲಾಖೆಯ ಸಾಹೇಬರು ಬಂದು, ಕಾರ್ಯಕ್ರಮ ನೋಡಿ, ‘ಹುದ್ದೆ ಅಗತ್ಯ’ ಎಂದು ಎರಡು ಶಬ್ದ ಬರೆದರೆ ಮುಗಿಯಿತು, ಮಾಸ್ತರರು ಕಾಯಂ.

ಹೆಂಡತಿ ಸುಲೋಚನಾ ಬೆಳಿಗ್ಗೆಯೇ ಹೋಳಿಗೆಗೆ ಬೇಳೆ ಒಲೆಯ ಮೇಲಿಟ್ಟಿದ್ದಳು.

“ಇನ್ನೂ ಆಗಿಲ್ಲ, ತಡಿ,” ಎಂದಿದ್ದರು ಮಾಸ್ತರರು.

“ಆಗ್ತದ ತಗೋರಿ. ಈ ಸಲ ನಿಮ್ಮನ್ನ ಬಿಟ್ರ ಬ್ಯಾರೆ ಯಾರಿದ್ದಾರ?” ಎಂದು ಅವಳು ಬೆಲ್ಲ ಜಜ್ಜಲು ಕುಳಿತಿದ್ದಳು.

ಹತ್ತು ಗಂಟೆಗೆ ಠಾಣೆಯ ಬೂತಿನಿಂದ ಡಾಕ್ಟರರ ಫೋನ್ ಬಂತು. “ಮಾಸ್ಟ್ರೇ, ಗಾಡಿ ಬಂದ್. ನಾವು ಮೂರೂ ಜನ ಇಲ್ಲೇ ವಡಾಪಾವ್ ತಿಂತಾ ಇದ್ದೇವೆ.”

“ರಿಕ್ಷಾ ಮಾಡ್ಕೊಂಡು ಬರ್ರಿ ಸರ್, ಕೈ ಮುಗೀತೀನಿ!”

“ಅಷ್ಟು ದೂರ ರಿಕ್ಷಾದಲ್ಲಿ ಬಂದರೆ ಇಂಜಿನಿಯರರ ಸೊಂಟಕ್ಕೆ ನಾನೇ ಔಷಧಿ ಕೊಡ್ಬೇಕಾಗ್ತದೆ. ಮಕ್ಕಳಿಗೆ ನಮ್ಮ ಆಶೀರ್ವಾದ ಹೇಳಿ,” ಎಂದು ಡಾಕ್ಟರು ಫೋನಿಟ್ಟರು.

ಮಾಸ್ತರರು ಮುಖ ಒರೆಸಿಕೊಂಡು ಹೆಡ್‌ಮಿಸ್ಟ್ರೆಸ್ ಹರಿಣಾಕ್ಷಿ ಟೀಚರ ಕೋಣೆಗೆ ಓಡಿದರು. “ಮೇಡಂ, ಕಾರ್ಯಕ್ರಮ ಮುಂದೆ ಹಾಕೋಣ. ಸಾಹೇಬರಿಗೆ ಫೋನ್ ಮಾಡಿ ತಿಳಿಸೋಣ.”

ಹರಿಣಾಕ್ಷಿ ಟೀಚರು ಉಡುಪಿ ಕಡೆಯವರು. ಇಪ್ಪತ್ತು ವರ್ಷಗಳಿಂದ ಮುಂಬಯಿಯ ಕನ್ನಡ ಸಂಘಗಳ ಸಮಾರಂಭಗಳಲ್ಲಿ ಪಳಗಿದವರು. “ಅದು ಹೇಗೆ ಆಗ್ತದೆ ಮಾಷ್ಟ್ರೇ? ಮೂರು ಶಾಲು ತಂದಾಗಿದೆ. ಮೂರು ತೆಂಗಿನಕಾಯಿ ಜುಟ್ಟು ಬಿಟ್ಟು ಸುಲಿದು ಇಟ್ಟಾಗಿದೆ. ಅಂಗಡಿಯವ ಒಂದನ್ನೂ ವಾಪಸ್ ತಗೊಳ್ಳುದಿಲ್ಲ.”

“ಆದರೆ ಹೊದಿಸೋದು ಯಾರಿಗೆ?”

“ಶಾಲಿಗೆ ಹೆಗಲು ಸಿಗುದಿಲ್ವಾ ಈ ಊರಲ್ಲಿ? ಹೋಗು ಮುಂಡಪ್ಪ, ಯಾರಾದ್ರೂ ಮೂರು ಜನ ಪಾಲಕರನ್ನು ಕರ್ಕೊಂಡು ಬಾ.”

ಜವಾನ ಮುಂಡಪ್ಪ ಹೇಳಿದ ಕೆಲಸವನ್ನು ತಕ್ಷಣ ಮಾಡುವವನು, ಯೋಚಿಸಿ ಮಾಡುವವನಲ್ಲ. ಹತ್ತೇ ನಿಮಿಷದಲ್ಲಿ ಮೂವರನ್ನು ತಂದು ನಿಲ್ಲಿಸಿದ. ಒಬ್ಬ, ಕಾರ್ಯಕ್ರಮಕ್ಕೆಂದು ಇಡ್ಲಿ ಡಬ್ಬ ಹೊತ್ತು ತಂದಿದ್ದ ಸ್ಟೇಷನ್ ರಸ್ತೆಯ ಹೋಟೆಲಿನ ಗುರುವಪ್ಪ. ಅವನ ಮಗನೂ ಒಂಬತ್ತನೆಯ ತರಗತಿಯಲ್ಲಿದ್ದ. ಇನ್ನೊಬ್ಬಳು, ಪಕ್ಕದಲ್ಲಿ ಏಳುತ್ತಿದ್ದ ಬಿಲ್ಡಿಂಗಿನಿಂದ ಶಾಲೆಯ ನಲ್ಲಿಗೆ ನೀರು ಕುಡಿಯಲು ಬಂದಿದ್ದ ಗೌಂಡಿ ಕೆಲಸದ ಮರಗಮ್ಮ. ಅವಳ ಮಗಳು ಕಾಂಚನಾ ಹತ್ತನೆಯ ತರಗತಿಯಲ್ಲಿದ್ದಳು. ಮೂರನೆಯವನು ಶಿವರಾಯ, ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಹಮಾಲರ ಮುಕಾದಮ, ಅಂದರೆ ಮೂಟೆ ಹೊರುವವರ ಮೇಸ್ತ್ರಿ. ಒಂಬತ್ತನೆಯ ತರಗತಿಯ ಮಗ ಭೀಮು ಗಣಿತದಲ್ಲಿ ಹನ್ನೆರಡು ಅಂಕ ತೆಗೆದದ್ದಕ್ಕೆ ಸಹಿ ಹಾಕಲು ಬಂದಿದ್ದ.

ಮಾಸ್ತರರ ಕಣ್ಣು ಕತ್ತಲಿಟ್ಟಿತು. ವೇದಿಕೆಯ ಕುರ್ಚಿಗಳಿಗೆ ಅವರೇ ಹಿಂದಿನ ದಿನ ‘ಡಾಕ್ಟರು’, ‘ಇಂಜಿನಿಯರು’, ‘ವಕೀಲರು’ ಎಂದು ಕೆಂಪು ಅಕ್ಷರದ ಚೀಟಿ ಅಂಟಿಸಿದ್ದರು. ಕೀಳಲು ಹೋದರೆ ಚೀಟಿಯ ಬದಲು ಕುರ್ಚಿಯ ಬಣ್ಣ ಕಿತ್ತುಬಂತು. ಅಷ್ಟರಲ್ಲಿ ಗೇಟಿನಲ್ಲಿ ಸಾಹೇಬರ ಜೀಪಿನ ಸದ್ದು ಕೇಳಿತು.

ಡಾಕ್ಟರರ ಕುರ್ಚಿಯಲ್ಲಿ ಗುರುವಪ್ಪ ಕುಳಿತ. ಇಂಜಿನಿಯರರ ಕುರ್ಚಿಯಲ್ಲಿ ಮರಗಮ್ಮ, ಸಿಮೆಂಟು ತಾಗದಿರಲೆಂದು ಸೆರಗು ಹಾಸಿ ಕುಳಿತಳು. ವಕೀಲರ ಕುರ್ಚಿಯಲ್ಲಿ ಶಿವರಾಯ ಮೀಸೆ ತಿರುವುತ್ತ ಕುಳಿತ. ಸಾಹೇಬರು ಅಕ್ಕಲಕೋಟೆಯ ಕಡೆಯವರು, ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು. ತಿಳಿಯದಿದ್ದರೆ ಹೇಗೋ ಪಾರಾಗಬಹುದಿತ್ತು ಎಂದು ಮಾಸ್ತರರು ಮರುಗಿದರು. ಸಾಹೇಬರು ಒಂದೊಂದು ಚೀಟಿಯನ್ನೂ ಓದಿ, ಅದರ ಮುಂದಿದ್ದವರನ್ನು ನೋಡಿ, ಕನ್ನಡಕ ಒರೆಸಿಕೊಂಡರು.

ಮೂರು ಶಾಲು ಮೂರು ಹೆಗಲ ಮೇಲೆ ಬಿದ್ದವು. ಮೊದಲು ಎದ್ದವನು ಗುರುವಪ್ಪ.

“ಮಕ್ಕಳೇ, ಈ ಕುರ್ಚಿ ಡಾಕ್ಟ್ರದ್ದು. ನಾನು ಡಾಕ್ಟ್ರಲ್ಲ. ಆದರೆ ಮೂವತ್ತು ವರ್ಷ ಆಯ್ತು, ನನ್ನ ಇಡ್ಲಿ ತಿಂದವ ಒಬ್ಬನೂ ಡಾಕ್ಟ್ರ ಹತ್ರ ಹೋಗಿಲ್ಲ. ಹನ್ನೊಂದನೇ ವರ್ಷಕ್ಕೆ ಬಸ್ರೂರಿನಿಂದ ಬಂದೆ. ನಾಲ್ಕು ವರ್ಷ ಲೋಟ ತೊಳೆದೆ, ಆರು ವರ್ಷ ಟೇಬಲ್ ಒರೆಸಿದೆ. ಗಲ್ಲಾದಲ್ಲಿ ಕೂತ್ಕೊಳ್ಳೋದು ಯಾವಾಗ ಅಂತ ಕೇಳಿದ್ರೆ, ಒರೆಸೋದರಲ್ಲಿ ನಾಚಿಕೆ ಹೋದ ಮೇಲೆ. ಅಷ್ಟೇ ನನ್ನ ಮಾರ್ಗದರ್ಶನ.”

ಮಕ್ಕಳು ಚಪ್ಪಾಳೆ ತಟ್ಟಿದರು. ಅದು ಇಡ್ಲಿಯ ಆಸೆಗೆ ತಟ್ಟಿದ್ದೆಂದು ಮಾಸ್ತರರು ತಿಳಿದರು.

ಮರಗಮ್ಮ ಏಳಲು ಒಪ್ಪಲಿಲ್ಲ. ಕುಳಿತಲ್ಲೇ ಮೈಕು ಹಿಡಿದಳು. “ನಾ ಸಾಲಿ ಕಲ್ತಾಕಿ ಅಲ್ಲ. ಮಾಲು ಕೈಯಾಗ ಹಿಡದ್ರ ಸಿಮಿಟ ಎಷ್ಟು, ಉಸುಕ ಎಷ್ಟು ಹೇಳ್ತೀನಿ. ಇಂಜಿನೇರ ಬರ್ತಾನ, ಕಾಗದ ನೋಡ್ತಾನ, ಹೋಗ್ತಾನ. ಗ್ವಾಡಿ ಸೊಟ್ಟ ಆದ್ರ ಅಂವಗ ಮೊದ್ಲ ಹೇಳಾಕಿ ನಾ. ನನ್ನ ಕಾಂಚನಾ ಕಾಗದಾನೂ ಓದಬೇಕು, ಗ್ವಾಡಿನೂ ನೋಡಬೇಕು. ಅಂದ್ರ ಅಕಿ ನಿಜವಾದ ಇಂಜಿನೇರ.” ಹುಡುಗಿಯರ ಸಾಲಿನಲ್ಲಿ ಕಾಂಚನಾ ತಲೆ ತಗ್ಗಿಸಿ ಕಣ್ಣೊರೆಸಿಕೊಂಡಳು.

ಶಿವರಾಯನಿಗೆ ಮೈಕು ಬೇಕೇ ಆಗಲಿಲ್ಲ. “ಕಳಂಬೋಲ್ಯಾಗ ದಿನಾ ಹತ್ತು ಜಗಳ. ಲಾರಿಯವ್ರು ಬ್ಯಾರೆ, ಹಮಾಲ್ರು ಬ್ಯಾರೆ. ವಕೀಲ ಆದ್ರ ತಾರೀಖು ಕೊಡ್ತಾನ, ನಾ ಚಾ ಕೊಡ್ತೀನಿ. ಚಾ ಕುಡಿಯೂದ್ರಾಗ ಜಗಳ ಮುಗೀತದ!”

ಸಭೆಯೇ ನಕ್ಕಿತು. ಹಿಂದಿನ ಬೆಂಚಿನ ಒಬ್ಬ ಎದ್ದು, “ಸರ್, ಮುಕಾದಮ್ ಬನ್‌ನೇ ಕೇ ಲಿಯೇ ಕಿತ್ನಾ ಪರ್ಸೆಂಟ್ ಲಗ್ತಾ ಹೈ?” ಎಂದು ಕೇಳಿದ. ಮುಕಾದಮನಾಗಲು ಎಷ್ಟು ಅಂಕ ಬೇಕೆಂಬುದಕ್ಕೆ ಪುಣೆಯ ಫೈಲಿನಲ್ಲಿ ಉತ್ತರವಿರಲಿಲ್ಲ. ಮಾಸ್ತರರು ಮೈಕು ಕಸಿದುಕೊಂಡು, “ಅಭಿರುಚಿ, ಸಾಮರ್ಥ್ಯ, ಅವಕಾಶ...” ಎಂದು ತಾವು ಬಾಯಿಪಾಠ ಮಾಡಿದ್ದನ್ನು ಶುರುಮಾಡುವಷ್ಟರಲ್ಲಿ ಕಾಂಚನಾ ಕೈಯೆತ್ತಿದಳು.

“ಸರ್, ನೀವು ಟೀಚರ್ ಹೇಗೆ ಆದ್ರಿ?”

ಮಾಸ್ತರರು ಫೈಲು ನೋಡಿದರು, ಸಾಹೇಬರನ್ನು ನೋಡಿದರು. ಇಷ್ಟು ಕೆಟ್ಟ ಮೇಲೆ ಇನ್ನು ಕೆಡುವುದು ಏನಿದೆ ಅನ್ನಿಸಿತು. ನಿಜ ಹೇಳಿಬಿಟ್ಟರು.

“ನಾನು ವಿಜಾಪುರದಿಂದ ರೈಲ್ವೆ ಇಂಟರ್‌ವ್ಯೂಗೆ ಅಂತ ಕಲ್ಯಾಣಕ್ಕೆ ಬಂದವನು. ನಿದ್ದೆ ಹತ್ತಿ, ಕಲ್ಯಾಣ ಸ್ಟೇಷನ್ ದಾಟಿ ದಾದರ್‌ಗೆ ಹೋಗಿ ಇಳಿದೆ. ಇಂಟರ್‌ವ್ಯೂ ಮುಗಿದಿತ್ತು. ಊರಿಗೆ ಹೋಗಲು ಮುಖ ಇರಲಿಲ್ಲ. ಈ ಶಾಲೆಯಲ್ಲಿ ಮಾಸ್ತರನಾಗಿದ್ದ ನನ್ನ ಗೆಳೆಯನ ಖೋಲಿಯಲ್ಲಿ ಮಲಗಿದೆ. ಅವನಿಗೆ ಟೈಫಾಯ್ಡ್ ಆಯಿತು. ಅವನು ಏಳುವವರೆಗೆ ಅಂತ ಕ್ಲಾಸಿಗೆ ಬಂದೆ. ಅವನು ಎದ್ದು ಬ್ಯಾಂಕಿನ ನೌಕರಿಗೆ ಹೋದ, ನಾನು ಇಲ್ಲೇ ಉಳಿದೆ. ನನಗೆ ಯಾರೂ ದಾರಿ ತೋರಿಸಲಿಲ್ಲ ಮಕ್ಕಳೇ. ಆದರೆ ಮೊದಲ ದಿನ ನಿಮ್ಮಂಥವರ ಮುಂದೆ ನಿಂತಾಗ ಮೈಯೆಲ್ಲ ಬೆವರಿದರೂ, ಎರಡನೆಯ ದಿನ ಯಾವಾಗ ಬೆಳಗಾಗುತ್ತದೋ ಅನ್ನಿಸಿತು. ಅದಕ್ಕೇ ಉಳಿದೆ.”

ಆಗ ಬಿದ್ದ ಚಪ್ಪಾಳೆಗೆ ಪಕ್ಕದ ಬಿಲ್ಡಿಂಗಿನ ಗೌಂಡಿಗಳೂ ಕೆಲಸ ನಿಲ್ಲಿಸಿ ಇಣುಕಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಸಾಹೇಬರು.

ಆಫೀಸು ಕೋಣೆಯಲ್ಲಿ ಸಾಹೇಬರು ಗುರುವಪ್ಪನ ಇಡ್ಲಿ ನಾಲ್ಕು ತಿಂದರು. “ಮಾಸ್ತರ, ಇಪ್ಪತ್ತು ವರ್ಷದಾಗ ಇಂಥಾ ಕಾರ್ಯಕ್ರಮ ನೋಡಿಲ್ಲ. ಎಲ್ಲಾ ಕಡೆ ಡಾಕ್ಟರು, ವಕೀಲರು ಬಂದು ತಮ್ಮದ ತಾವು ಹೊಗಳಿಕೊಂಡು ಹೋಗ್ತಾರ. ದುಡಿಯೋ ತಾಯಿ-ತಂದೀನ ಕುರ್ಚಿ ಮ್ಯಾಲೆ ಕೂಡಿಸೂ ವಿಚಾರ ನಿಮಗೊಬ್ಬರಿಗೇ ಹೊಳೀತು. ಆ ಚೀಟಿ ಹಚ್ಚಿದ್ದಂತೂ ಭಾರೀ!”

“ನಮ್ಮ ಮಾಷ್ಟ್ರು ತಿಂಗಳಿಡೀ ಯೋಚನೆ ಮಾಡಿ ಮಾಡಿದ್ದು ಸರ್,” ಎಂದರು ಹರಿಣಾಕ್ಷಿ ಟೀಚರು, ಕಣ್ಣು ಮಿಟುಕಿಸದೆ.

ಮಾಸ್ತರರ ಎದೆ ಉಬ್ಬಿ ಅಂಗಿಯ ಗುಂಡಿ ಕೀಳುವ ಹಾಗಾಯಿತು. ಸುಲೋಚನಾಳ ಹೋಳಿಗೆಯ ಪರಿಮಳ ಅಲ್ಲಿಗೇ ಬಂದಂತಾಯಿತು. ಸಾಹೇಬರು ಪೆನ್ನು ತೆಗೆದು ಭೇಟಿಯ ಪುಸ್ತಕದಲ್ಲಿ ಒಂದು ಪುಟ ತುಂಬ ಬರೆದು, ಜೀಪು ಹತ್ತಿ ಹೊರಟರು. ಹರಿಣಾಕ್ಷಿ ಟೀಚರು ಗಟ್ಟಿಯಾಗಿ ಓದತೊಡಗಿದರು.

“‘ಕಾರ್ಯಕ್ರಮ ಅತ್ಯುತ್ತಮ. ಜಿಲ್ಲೆಗೇ ಮಾದರಿ. ಸಂಯೋಜಕರಾದ ಶ್ರೀ ಲಕ್ಷ್ಮೀಕಾಂತ ಇವರು ಅಭಿನಂದನಾರ್ಹರು...’”

“ಮುಂದೆ ಓದಿ ಮೇಡಂ!”

“‘ಪಾಲಕರೇ ಇಷ್ಟು ಸಮರ್ಥವಾಗಿ, ಯಾವ ಖರ್ಚೂ ಇಲ್ಲದೆ ಮಾರ್ಗದರ್ಶನ ಮಾಡಬಲ್ಲರೆಂದು ಇವರು ಸಾಧಿಸಿ ತೋರಿಸಿದ್ದಾರೆ. ಆದಕಾರಣ ಇದಕ್ಕೆಂದು ಪ್ರತ್ಯೇಕ ಹುದ್ದೆಯ ಅಗತ್ಯ ಕಂಡುಬರುವುದಿಲ್ಲ.’” ಟೀಚರ ದನಿ ಕೊನೆಗೆ ಬರುವಷ್ಟರಲ್ಲಿ ಪಿಸುಮಾತಾಗಿತ್ತು. “ಅಯ್ಯೋ ದೇವರೇ... ಇನ್ನು ಜೂನಿಗೆ ಮತ್ತೆ ಹಂಗಾಮಿ ಕಾಗದವೇ ಗತಿ ಮಾಷ್ಟ್ರೇ.”

ಮಾಸ್ತರರು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತರು. ಮನೆಗೆ ಹೋಗಿ ಹೋಳಿಗೆಯ ಮುಂದೆ ಏನೆಂದು ಹೇಳುವುದು ಎಂದು ಮಾತು ಜೋಡಿಸತೊಡಗಿದರು. ಅಷ್ಟರಲ್ಲಿ ಶಿವರಾಯ ಮಗ ಭೀಮುವಿನ ಕಿವಿ ಹಿಡಿದು ಎಳೆದುಕೊಂಡು ಬಂದ.

“ಸರ, ಹುಡುಗನ ತಲಿ ಕೆಡಿಸಿದ್ರಿ ನೀವು! ಮುಂಜಾನಿ ತನಕ ಮುಕಾದಮ ಆಗ್ತೀನಿ ಅಂತಿದ್ದ. ಈಗ ಮಾಸ್ತರ ಆಗ್ತೀನಂತಾನ. ಚಲೋತಂಗ ಬುದ್ಧಿ ಹೇಳ್ರಿ.”

ಭೀಮು ಕಿವಿ ಬಿಡಿಸಿಕೊಂಡು ಮಾಸ್ತರರ ಮುಂದೆ ನೆಟ್ಟಗೆ ನಿಂತ. ಆ ಇಡೀ ದಿನದಲ್ಲಿ ಮಾರ್ಗದರ್ಶನ ಕೇಳಿ ಅವರ ಹತ್ತಿರ ಬಂದವನು ಅವನೊಬ್ಬನೇ.

“ಸರ, ಖರೇನ ಕೇಳ್ತೀನ್ರಿ. ನಮ್ಮ ಸಾಲ್ಯಾಗ ಮಾಸ್ತರನ ಜಾಗಾ ಖಾಲಿ ಐತೇನ್ರಿ?”

“ಐತಿ ತಮ್ಮಾ,” ಎಂದರು ಮಾಸ್ತರರು. “ಆರು ವರ್ಷದಿಂದ ಖಾಲಿ ಐತಿ. ಅದರಾಗ ನಾ ಕುಂತೀನಿ.”