ಎಲೆಯ ಪೊಟ್ಟಣ, ಕಾಗದದ ಪೊಟ್ಟಣ

ಭಾಲ್ಕಿಯ ತಹಸೀಲ ಕಚೇರಿಯ ಹಂಗಾಮಿ ಗುಮಾಸ್ತ ವೈಜಿನಾಥನಿಗೆ ಕಷ್ಟ ಬಂದದ್ದು ಒಂದು ಮೆಣಸಿನಕಾಯಿ ಭಜಿಯಿಂದ. ಡಬಲ್ ರೊಟ್ಟಿ ಎಂಬ ಬ್ರೆಡ್ಡನ್ನು ನಡುವೆ ಸೀಳಿ, ಚಟ್ನಿ ಸವರಿ, ಒಳಗೆ ಬಿಸಿ ಭಜಿ ಒತ್ತಿ ಕೊಡುವ ತಿಂಡಿ ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ಊರಿಗೆ ಬಂದಿತ್ತು. ಅಲ್ಲಿಯವರೆಗೆ ಡಬಲ್ ರೊಟ್ಟಿ ಎಂದರೆ ಜ್ವರ ಬಂದವರ ಪಥ್ಯ. ಈಗ ಅದಕ್ಕೆ ಎರಡು ಅಂಗಡಿ, ಎರಡು ಪಕ್ಷ.

ಪೇಟೆಯ ಹಾವಗೆಪ್ಪ ಮುತ್ತಲ ಎಲೆಯಲ್ಲಿ ಕಟ್ಟಿಕೊಡುತ್ತಿದ್ದ. ಸ್ಟೇಷನ್ ಹತ್ತಿರದ ಶರಫೋದ್ದೀನ ಹಳೆಯ ಉರ್ದು ಅಖಬಾರಿನ ಕಾಗದದಲ್ಲಿ. ತಹಸೀಲ್ದಾರರ ಮುಂದೆ ಕಡತ ಇಡುವ ಪೇಶಕಾರ ಮುನೀರೋದ್ದೀನ ಸಾಹೇಬರು ಎಲೆಯ ಪಕ್ಷ, ಊರೂರು ತಿರುಗಿ ಕಂದಾಯ ತಪಾಸಿಸುವ ಗಿರ್ದಾವರ ಶಿವರಾಜಪ್ಪನವರು ಕಾಗದದ ಪಕ್ಷ. ಇಬ್ಬರೂ ಬಾಯಿ ತೆರೆದರೆ ಕಚೇರಿಯ ಕಡತಗಳು ಬಾಯಿ ಮುಚ್ಚಿಕೊಳ್ಳುತ್ತಿದ್ದವು.

ಬಳ್ಳಾರಿ ಕಡೆಯಿಂದ ಬಂದಿದ್ದ ಹೊಸ ತಹಸೀಲ್ದಾರರು ಆ ಬೆಳಿಗ್ಗೆ ಪೆನ್ನು ಕೆಳಗಿಟ್ಟರು. "ವೈಜಿನಾಥ, ಎರಡೂ ಅಂಗಡಿಯಿಂದ ಒಂದೊಂದು ತನ್ನಿ. ಎರಡು ಗಂಟೆಗೆ ಎಲ್ಲರೂ ತಿಂದು ನೋಡೋಣ. ಈ ಅಂಗಡಿಗಳ ಹೆಸರು ನಿಜವೋ ಬರೀ ಗಾಳಿಯೋ ತೀರ್ಮಾನ ಆಗಲಿ."

ವರಾಂಡದಲ್ಲಿ ಪೇಶಕಾರರು ಅವನ ಹೆಗಲ ಮೇಲೆ ಕೈಯಿಟ್ಟರು. "ಔರಾದಕ್ಕ ಒಬ್ಬ ಗುಮಾಸ್ತನ್ನ ಕಳಸೋ ಹುಕುಂ ಬಂದದ. ಇವತ್ತ ಸಂಜೀಕ ಹೆಸರ ತುಂಬ್ತಾರ. ಹಾವಗೆಪ್ಪನ ಮಾಲ ನಾಜೂಕಾಗಿ ತರ್ರಿ."

ಬಾಗಿಲಲ್ಲಿ ಗಿರ್ದಾವರರು ಇನ್ನೊಂದು ಹೆಗಲು ಹಿಡಿದರು. "ಶರಫೋದ್ದೀನಂದು ಆರಿದ್ರ ಔರಾದ ಬಸ್ಸಿನ್ಯಾಗ ನಿನಗ ಜಾಗ ಹಿಡೀತೀನಿ ನೋಡಪಾ."

ವೈಜಿನಾಥನಿಗೆ ದೂರದ ಔರಾದಿಗಿಂತ ಹೆಂಡತಿಯ ಭಯ. ಶಿವಕಾಂತಾಳ ತವರುಮನೆ ಪಕ್ಕದ ಓಣಿಯಲ್ಲೇ ಇತ್ತು. "ನೀವ್ ಬೇಕಾದ್ರ ಹೋಗ್ರಿ, ನಾ ಭಾಲ್ಕಿ ಬಿಟ್ಟ ಬರಲ್ರಿ" ಎಂದು ವರ್ಗದ ಗಾಳಿಸುದ್ದಿ ಕೇಳಿದ ದಿನವೇ ಅವಳು ಫೈಸ್ಲಾ ಕೊಟ್ಟಿದ್ದಳು.

ಎರಡೂ ಅಂಗಡಿಗಳಲ್ಲಿ ನೂಕಾಡಿ ಅವನು ಪೊಟ್ಟಣ ಗಳಿಸಿದ. ಏಳು ಸಮುದ್ರ ದಾಟಿ ಗಿಳಿ ತಂದ ರಾಜಕುಮಾರನಂತೆ ಎದೆಯುಬ್ಬಿಸಿ ಚೀಲವನ್ನು ಟಾಂಗಾದ ಮುಂದಿನ ಕಟ್ಟೆಯ ಮೇಲಿಟ್ಟ. ಟಾಂಗಾ ಹೊಡೆಯುವ ಅಬ್ದುಲ ಗಫೂರನಿಗೆ ಪಂದ್ಯದ ಸುದ್ದಿ ಮುಟ್ಟಿತ್ತು.

"ಸಾಬ್, ನಿಮ್ಮ ಮನಸಿನ್ಯಾಗ ಯಾವುದು ಛಲೋ?"

"ಕುದುರಿ ಕಟ್ಟಪಾ ಮೊದಲ."

"ಕಟ್ತೀನ್ರಿ. ಆದ್ರ ಹೇಳ್ರಿ."

ವೈಜಿನಾಥ ಹೇಳಲಾರೆನೆಂದು ವಾದಿಸುತ್ತಿದ್ದಾಗ, ಇನ್ನೂ ಟಾಂಗಾಕ್ಕೆ ಕಟ್ಟದ ಕುದುರೆ ಚೀಲದೊಳಗೆ ಮೂತಿ ತೂರಿಸಿತು. ಎಲೆಯ ಪೊಟ್ಟಣ ಎಲೆಸಮೇತ ಹೋಯಿತು. ಕಾಗದದ ಪೊಟ್ಟಣ ಸುದ್ದಿಸಮೇತ ಹೋಯಿತು. ಆಮೇಲೆ ಕುದುರೆ ಕಿವಿ ನಿಗುರಿಸಿ, ಎರಡು ಸಲ ಸೀನಿ, ಭೂಮಿಗೂ ತನಗೂ ಸಂಬಂಧವಿಲ್ಲವೆಂಬಂತೆ ಹಾರಿ ಓಡಿತು.

"ನಿಮ್ಮ ಕಚೇರ್ಯಾಗ ಆರು ತಿಂಗಳಾದ್ರೂ ಆಗದ ಫೈಸ್ಲಾ ನನ್ನ ಕುದುರಿ ಮಾಡ್ತು ನೋಡ್ರಿ" ಎಂದ ಗಫೂರ, ಅದರ ಹಿಂದೆ ಓಡುತ್ತ. "ಎರಡೂ ಪಾಸ್."

ಗಂಟೆ ಒಂದಾಗಿತ್ತು. ಆ ಹೊತ್ತಿಗೆ ಎರಡೂ ಅಂಗಡಿಯ ಬಾಣಲೆ ದಿನವೂ ಖಾಲಿಯಾಗಿರುತ್ತಿತ್ತು. ವೈಜಿನಾಥ ಮನೆಗೆ ಓಡಿದ.

"ಅಂದ್ರ ಒಂದು ಕುದುರಿ ಸಲುವಾಗಿ ನಾ ಔರಾದಕ್ಕ ಹೋಗ್ಬೇಕೇನ್ರಿ?" ಶಿವಕಾಂತಾ ಒಲೆ ಹೊತ್ತಿಸಿದಳು. "ಕಡಲಿಹಿಟ್ಟು ಅದ, ಮೆಣಸಿನಕಾಯಿ ಅವ. ಡಬಲ್ ರೊಟ್ಟಿ ಎಲ್ಲಿಂದ ತರಲಿ?"

ಗೋಡೆಯಾಚೆ ಕಿವಿಯಿಟ್ಟಿದ್ದ ನೆರೆಮನೆಯ ಅಜೀಜಾ ಬೇಗಂ ತಲೆ ಎತ್ತಿದರು. "ನನ್ನ ಜ್ವರಕ್ಕ ತಂದಿದ್ದು ಎರಡು ಉಳಿದಾವ ಬೇಟಿ. ಜ್ವರ ಇಳದದ, ತಗೋ. ಹಳೀ ಅಖಬಾರನೂ ಕೊಡ್ತೀನಿ."

ಒಂದೇ ಬಾಣಲೆ, ಒಂದೇ ಹಿಟ್ಟು, ಒಂದೇ ಅಗಸಿ ಚಟ್ನಿ. ಶಿವಕಾಂತಾ ಒಂದನ್ನು ಎಲೆಯಲ್ಲಿ, ಒಂದನ್ನು ಕಾಗದದಲ್ಲಿ ಸುತ್ತಿದಳು. ಕಟ್ಟಲು ಏನೂ ಸಿಗದೆ ತನ್ನ ಹಳೆಯ ಹಸಿರು ಸೀರೆಯ ಅಂಚಿನಿಂದ ಎರಡು ಎಳೆ ಹಿರಿದಳು.

ಎರಡು ಗಂಟೆಗೆ ಕಚೇರಿ ಮದುವೆಮನೆಯಾಗಿತ್ತು. ಪೇಶಕಾರರು ಎಲೆ ಬಿಚ್ಚಿ, ಒಂದು ತುತ್ತು ಕಚ್ಚಿ ಕಣ್ಣು ಮುಚ್ಚಿದರು. "ಹಾವಗೆಪ್ಪನ ಕೈ ಅಂದ್ರ ಇದು. ಅವರಪ್ಪನ ಕಾಲದ ಬಾಣಲಿ. ಈ ರುಚಿ ಬ್ಯಾರೆ ಕಡೆ ಹುಟ್ಟಂಗೇ ಇಲ್ಲ." ಕಾಗದದ್ದನ್ನು ಚೂರು ಮುರಿದು ಬಾಯಿಗಿಟ್ಟು ಮುಖ ಹಿಂಡಿದರು. "ಇದೇನು, ಟಾಂಗಾದ ಗಾಲಿಗೆ ಹಚ್ಚೋ ಎಣ್ಣಿ?"

ಶಿವರಾಜಪ್ಪನವರು ಕಾಗದದ್ದನ್ನು ಸವಿದು ತಲೆದೂಗಿದರು. "ಕಾಯಕ ಶುದ್ಧ ಇದ್ರ ಹಿಂಗ ಆಗ್ತದ. ಶರಫೋದ್ದೀನ ಹಿಟ್ಟಿನ್ಯಾಗ ಏನ ಹಾಕ್ತಾನೋ ಅವನಿಗೇ ಗೊತ್ತು." ಎಲೆಯದನ್ನು ನೆಕ್ಕಿ ನೋಡಿ, "ಇದಕ್ಕ ಉಪ್ಪು ಹಾಕಿದವರು ದಾರಿ ತಪ್ಪಿ ಬಂದಿದ್ರು ಅನಸ್ತದ" ಎಂದರು.

ತಹಸೀಲ್ದಾರರು ಎರಡನ್ನೂ ನಿಧಾನವಾಗಿ ತಿಂದರು. ಕೈ ಒರೆಸಿಕೊಂಡರು. ತಮ್ಮ ಕೋಣೆಗೆ ಹೋದರು.

ತೀರ್ಪಿಗೂ ಕಾಯದೆ ಪೇಶಕಾರರೂ ಗಿರ್ದಾವರರೂ ತಮ್ಮ ಪಕ್ಷವೇ ಗೆದ್ದಿತೆಂದು ಖಾತ್ರಿ ಮಾಡಿಕೊಂಡು, ವೈಜಿನಾಥನ ಕೆಲಸ ಕಾಯಂ ಮಾಡಬೇಕೆಂದು ಬೇರೆಬೇರೆ ಶಿಫಾರಸು ಬರೆದು ಒಳಗೆ ಕಳಿಸಿದರು. ವೈಜಿನಾಥ ಸ್ಟೇಷನ್ ಗಡಿಯಾರಕ್ಕಿಂತ ಎತ್ತರ ನಿಂತ.

ಸಂಜೆ ಕರೆ ಬಂತು. ತಹಸೀಲ್ದಾರರ ಮೇಜಿನ ಮೇಲೆ ಎರಡು ಹಸಿರು ಎಳೆಗಳು ಪಕ್ಕಪಕ್ಕ ಮಲಗಿದ್ದವು.

"ಎರಡು ಅಂಗಡಿಯವರೂ ಒಂದೇ ಸೀರೆ ಉಡುತ್ತಾರೇನು, ವೈಜಿನಾಥ?"

ಅವನು ಕುದುರೆಯಿಂದ ಹಿಡಿದು ಅಜೀಜಾ ಬೇಗಂರ ಜ್ವರದವರೆಗೆ ಒಪ್ಪಿಸಿದ.

ತಹಸೀಲ್ದಾರರು ನಕ್ಕರು. "ಹೆದರಬೇಡಿ. ಎರಡು ಶಿಫಾರಸನ್ನೂ ಒಪ್ಪಿದ್ದೇನೆ. ನೀವು ಇವತ್ತಿನಿಂದ ಕಾಯಂ."

"ಉಪಕಾರ ಆಯ್ತ್ರಿ ಸಾಹೇಬರ."

"ಔರಾದಿನಲ್ಲಿ ಇಬ್ಬರು ಪಟೇಲರು ಒಂದೇ ಬದುವಿಗಾಗಿ ಹನ್ನೆರಡು ವರ್ಷದಿಂದ ಹೊಡೆದಾಡುತ್ತಿದ್ದಾರೆ. ಒಂದೇ ವಸ್ತು ಕೊಟ್ಟು ಇಬ್ಬರನ್ನೂ ಗೆಲ್ಲಿಸುವ ಮನುಷ್ಯ ಅಲ್ಲಿಗೆ ಬೇಕಾಗಿತ್ತು." ಅವರು ಹುಕುಮಿನ ಖಾಲಿ ಜಾಗದಲ್ಲಿ ಹೆಸರು ತುಂಬಿ ಶಾಯಿ ಒತ್ತಿದರು. "ಹೆಂಡತಿಯನ್ನು ಬಿಟ್ಟು ಹೋಗಬೇಡಿ. ತಿಂಗಳಿಗೊಮ್ಮೆ ನಾನು ಅಲ್ಲಿ ಕ್ಯಾಂಪ್ ಬರುತ್ತೇನೆ."

ವೈಜಿನಾಥ ಬಾಗಿಲು ದಾಟುವಾಗ ಹಿಂದಿನಿಂದ ಮತ್ತೆ ಕರೆದರು.

"ಅಲ್ಲಿ ನನಗೆ ಎರಡು ಪೊಟ್ಟಣ ಕಟ್ಟುವುದು ಬೇಡ. ಒಂದೇ ಸಾಕು."