ಪಟಾಲಮ್ಮನ ಸೈಕಲ್ ಸವಾರಿಗೆ ಪೂರ್ವಾನ್ವಯ ಒಪ್ಪಿಗೆ

ಬಾಲಕಿಯರ ಹಿತರಕ್ಷಣೆ ಎಲ್ಲಕ್ಕಿಂತ ಮುಖ್ಯವಾದ್ದರಿಂದ, ಎಂಬತ್ತೆರಡು ವರ್ಷದ ಪಟಾಲಮ್ಮನವರು ತಮ್ಮ ಬಾಲ್ಯದ ಬಗ್ಗೆ ಮಾತಾಡುವ ಮುನ್ನ ತಂದೆತಾಯಿಯ ಲಿಖಿತ ಒಪ್ಪಿಗೆ ತರತಕ್ಕದ್ದು ಎಂದು ನೈತಿಕ ಪರಿಶೀಲನಾ ಸಮಿತಿ ಒಮ್ಮತದಿಂದ ತೀರ್ಮಾನಿಸಿತು.

ಸಮಿತಿ ಇದ್ದದ್ದು ಇಂದಿರಾನಗರದ ಒಂದು ಅಧ್ಯಯನ ಕೇಂದ್ರದಲ್ಲಿ. ಕೆಳಗಡೆ ಕೇಕಿನ ಅಂಗಡಿ, ಮೇಲ್ಗಡೆ ಸಂಶೋಧನೆ. ಅಲ್ಲಿನ ಸಮಾಜಶಾಸ್ತ್ರಜ್ಞೆ ನಂದಿತಾ ಮೂರು ವರ್ಷದಿಂದ ಪೂರ್ವ ಬೆಂಗಳೂರಿನ ಹೆಣ್ಣುಮಕ್ಕಳ ಬಾಲ್ಯದ ಇತಿಹಾಸ ಬರೆಯುತ್ತಿದ್ದಳು. ನಲವತ್ತು ಅಜ್ಜಿಯರನ್ನು ಮಾತಾಡಿಸಿದ್ದಳು. ನಲವತ್ತೂ ಜನ ಹೇಳಿದ್ದು ಒಂದೇ: ನೀರು ಹೊತ್ತೆ, ತಮ್ಮನ್ನ ಎತ್ತಾಡಿಸ್ದೆ, ಮದುವೆ ಮಾಡಿಬಿಟ್ರು. ಇತಿಹಾಸ ಮೂರು ವಾಕ್ಯಕ್ಕೆ ಮುಗಿದುಹೋಗುವ ಭಯ ಅವಳನ್ನು ಕಾಡತೊಡಗಿತ್ತು.

ನಲವತ್ತೊಂದನೆಯವರು ಮಹದೇವಪುರದ ಪಟಾಲಮ್ಮ. ನಂದಿತಾ ಇನ್ನೂ ಚಪ್ಪಲಿ ಬಿಡುತ್ತಿದ್ದಾಗಲೇ ಅವರು ಶುರು ಮಾಡಿದ್ದರು.

"ನಂಗೆ ಹನ್ನೊಂದು ವರ್ಷ ಕಣಮ್ಮ. ಸೊಪ್ಪಿನ ಗಾಡೀಲಿ ಅಪ್ಪನ ಜೊತೆ ರಸೆಲ್ ಮಾರ್ಕೆಟ್ಟಿಗೆ ಹೋಗ್ತಿದ್ದೆ. ಅಲ್ಲಿ ನಿಂಬೆಹಣ್ಣು ಮಾರೋ ಶರ್ಫುನ್ನೀಸಾ ಅಂತ ನನ್ನ ಜೊತೆಗಾತಿ. ಒಂದಿನ ಅಪ್ಪ ಟೀಗೆ ಹೋದ ನೋಡು, ಇಬ್ರೂ ಸೇರಿ ಬಾಡಿಗೆ ಸೈಕಲ್ ತಗೊಂಡ್ವಿ. ಲಂಗ ಎತ್ತಿ ಸೊಂಟಕ್ಕೆ ಸಿಗಿಸ್ಕೊಂಡು ಒಳಪೆಡ್ಲು ಹೊಡೆದೆ. ಅವಳು ಹಿಂದೆ ಹಿಡ್ಕೊಂಡು ಓಡಿ ಬಂದ್ಲು. ಹಲಸೂರು ಕೆರೆವರ್ಗೂ! ಯಾರಿಗೂ ಹೇಳಿಲ್ಲ. ಗಂಡಂಗೂ ಹೇಳಿಲ್ಲ. ನಿನ್ನ ಪುಸ್ತಕದಾಗೆ ಬರ್ಕೋ. ನಾನು ಕಣ್ಮುಚ್ಚೋದ್ರೊಳಗೆ ಅಚ್ಚಾಗ್ಬೇಕು."

ನಂದಿತಾಳಿಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಸಮಿತಿಯ ಹೊಸ ತೀರ್ಮಾನದ ಪ್ರಕಾರ ಒಪ್ಪಿಗೆ ಪತ್ರವಿಲ್ಲದೆ ಇನ್ನು ಒಂದಕ್ಷರ ದಾಖಲಿಸುವಂತಿರಲಿಲ್ಲ. ವರದಿ ಒಪ್ಪಿಸಲು ಉಳಿದಿದ್ದು ಒಂದೇ ತಿಂಗಳು. ಅವಳು ಸಮಿತಿಯ ಕಾರ್ಯದರ್ಶಿ ಜಗದೀಶ್ ಅವರ ಮೇಜಿನ ಮುಂದೆ ನಿಂತಳು.

"ಸಾರ್, ಆ ಅಜ್ಜಿಗೆ ಎಂಬತ್ತೆರಡು."

"ನಿಮ್ಮ ಸಂಶೋಧನೆ ಎಂಬತ್ತೆರಡರ ಅಜ್ಜಿ ಬಗ್ಗೆನೋ, ಹನ್ನೊಂದರ ಹುಡುಗಿ ಬಗ್ಗೆನೋ ಮೇಡಂ?"

"ಹುಡುಗಿ ಬಗ್ಗೆ."

"ಹುಡುಗಿ ಮೈನರ್ರು."

"ಅವ್ರ ಅಪ್ಪ ಅಮ್ಮ ತೀರ್ಕೊಂಡು ಐವತ್ತು ವರ್ಷ ಆಯ್ತು ಸಾರ್."

ಜಗದೀಶ್ ಕನ್ನಡಕ ತೆಗೆದರು. ಅವರು ಕರುಳಿರುವ ಮನುಷ್ಯ. "ಛೇ, ಮಗು ಅನಾಥೆ. ಹಾಗಾದ್ರೆ ನಾವು ಇನ್ನೂ ಹುಷಾರಾಗಿರ್ಬೇಕು."

ನಿಯಮ ಏಳರ ಪ್ರಕಾರ, ತಂದೆತಾಯಿ ಇಲ್ಲದ ಬಾಲಕಿಗೆ ತವರಿನ ಹಿರಿಯ ಗಂಡಸೇ ಪೋಷಕ. ಪಟಾಲಮ್ಮನ ತವರಿನಲ್ಲಿ ಬದುಕಿದ್ದ ಗಂಡಸು ಒಬ್ಬನೇ, ಅವರ ತಮ್ಮ ದೊಡ್ಡಮುನಿಯಪ್ಪ. ಸೊಪ್ಪು ಬೆಳೆಯುತ್ತಿದ್ದ ತೋಟದಲ್ಲಿ ಈಗ ಹನ್ನೆರಡು ಮಹಡಿ ಎದ್ದಿದೆ. ದೊಡ್ಡಮುನಿಯಪ್ಪ ಮೊದಲನೇ ಮಹಡಿ, ಅಕ್ಕ ನೆಲಮಹಡಿ. ಮಳೆಗಾಲದಲ್ಲಿ ನೀರು ನುಗ್ಗುವುದು ನೆಲಮಹಡಿಗಾದ್ದರಿಂದ ಅದು ಹೆಣ್ಣುಮಗಳ ಪಾಲಿಗೆ ಬಂದಿತ್ತು.

ದೊಡ್ಡಮುನಿಯಪ್ಪ ಫಾರಂ ಓದಿ ಅಕ್ಕನ ಕಡೆ ತಿರುಗಿದರು.

"ಏನಕ್ಕ, ನೀನು ಸೈಕಲ್ ಹೊಡೆದಾ?"

"ಹೊಡೆದೆ."

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಾಗಿದ್ರೆ ಕಾಲು ಮುರೀತಿದ್ದ."

"ಹಂಗಾದ್ರೆ ನಾನು ಹೆಂಗೆ ಸೈನ್ ಹಾಕ್ಲಿ? ಮನೆ ಮರ್ಯಾದೆ ಪ್ರಶ್ನೆ ಇದು."

"ಅಯ್ಯೋ ನಿನ್ನ ಮರ್ಯಾದೇನ! ನೀನು ಆಗ ಮೂರು ತಿಂಗಳ ಕೂಸು, ತೊಟ್ಟಿಲಾಗೆ ಉಚ್ಚೆ ಹುಯ್ಕೊಂಡು ಬಿದ್ದಿದ್ದೆ. ಆ ಬಟ್ಟೆ ಒಗೆದು ಹಾಕೇ ನಾನು ಗಾಡಿ ಹತ್ತಿದ್ದು!"

ದೊಡ್ಡಮುನಿಯಪ್ಪ ಫಾರಂ ವಾಪಸ್ ಕೊಟ್ಟರು. ಪೋಷಕರು ನಿರಾಕರಿಸಿದ್ದರಿಂದ ಸವಾರಿಯೇ ನಡೆದಿಲ್ಲವೆಂದು ಪರಿಗಣಿಸಬೇಕಾಗುತ್ತದೆ ಎಂದು ಸಮಿತಿ ವಿಷಾದದಿಂದ ತಿಳಿಸಿತು. ನಂದಿತಾಳ ಮುಖ ಸಣ್ಣಗಾದದ್ದು ನೋಡಿ ಜಗದೀಶ್ ತಾವೇ ಒಂದು ದಾರಿ ತೋರಿಸಿದರು.

"ಬರ್ಕೊಳ್ಳೋಕೆ ಒಪ್ಪಿಗೆ ಕೇಳಿದ್ರೆ ಕೊಡಲ್ಲ ಮೇಡಂ. ಸೈಕಲ್ ಹೊಡೆಯೋಕೇ ಒಪ್ಪಿಗೆ ತಗೊಂಬಿಡಿ. ಸಾವಿರದ ಒಂಬೈನೂರ ಐವತ್ಮೂರರಿಂದ ಜಾರಿಗೆ ಬರೋ ಹಾಗೆ. ಕೇಳ್ಕೊಂಡು ಹೋದ ಹುಡುಗಿ ಅಂತ ಆದ್ಮೇಲೆ ಮರ್ಯಾದೆ ಯಾಕೆ ಹೋಗುತ್ತೆ?"

ಹದಿನೈದು ವರ್ಷ ಓದಿದ ಸಮಾಜಶಾಸ್ತ್ರ ಒಳಗೆಲ್ಲೋ ಒಮ್ಮೆ ಕೆಮ್ಮಿತು. ನಂದಿತಾ ಕ್ಯಾಲೆಂಡರ್ ನೋಡಿದಳು. ಕೆಮ್ಮು ನಿಂತಿತು. ಮಾರನೇ ದಿನ ಹೊಸ ಫಾರಂ ಹಿಡಿದು ಮಹದೇವಪುರಕ್ಕೆ ಹೋದಳು.

ಅಪ್ಪಣೆ ಕೊಡುವ ಅವಕಾಶ ಸಿಕ್ಕಿದ್ದು ದೊಡ್ಡಮುನಿಯಪ್ಪನವರಿಗೆ ಬಹಳ ಹಿಡಿಸಿತು. ಶರ್ಟು ಬದಲಾಯಿಸಿಕೊಂಡು ಬಂದು ಕೂತು ಹೇಳಿ ಬರೆಸಿದರು: "ನನ್ನ ಅಕ್ಕ ಕುಮಾರಿ ಪಟಾಲಮ್ಮ, ವಯಸ್ಸು ಹನ್ನೊಂದು, ಇವಳು ಬಾಡಿಗೆ ಸೈಕಲ್ಲಿನಲ್ಲಿ ರಸೆಲ್ ಮಾರುಕಟ್ಟೆಯಿಂದ ಹಲಸೂರು ಕೆರೆವರೆಗೆ ಹೋಗಿಬರಲು, ಮೂರು ತಿಂಗಳ ವಯಸ್ಸಿನ ನಾನು ಸಂತೋಷದಿಂದ ಒಪ್ಪಿರುತ್ತೇನೆ. ಆದರೆ ಲಂಗ ಮೊಣಕಾಲಿನ ಕೆಳಗಿರಬೇಕು. ವಿನಾಕಾರಣ ಬೆಲ್ ಬಾರಿಸಬಾರದು. ಯಾವ ಕಾರಣಕ್ಕೂ ಕೆರೆ ದಾಟಬಾರದು."

ರುಜು ಬಿತ್ತು. ನಂದಿತಾ ನಿಟ್ಟುಸಿರು ಬಿಟ್ಟಳು. ಎಲೆಅಡಿಕೆ ಮೆಲ್ಲುತ್ತಿದ್ದ ಪಟಾಲಮ್ಮ ಬಾಯಿ ಬರಿದು ಮಾಡಿಕೊಂಡು ಬಂದರು.

"ಕೆರೆ ದಾಟಿದ್ದೆ ಕಣೋ."

"ಏನು?"

"ಕೆರೆವರ್ಗೂ ಅಂದಿದ್ದು ಈ ಹುಡುಗಿ ಗಾಬರಿ ಬೀಳ್ತಾಳೆ ಅಂತ. ಆ ಕಡೆ ಇಳಿಜಾರಿತ್ತು. ಬ್ರೇಕ್ ಎಲ್ಲಿದೆ ಅಂತ ಯಾರಿಗ್ಗೊತ್ತು?"

ದೊಡ್ಡಮುನಿಯಪ್ಪ ನಂದಿತಾಳನ್ನು ನೋಡಿದರು. ನಂದಿತಾ ಚೀಲದಿಂದ ಇನ್ನೊಂದು ಫಾರಂ ತೆಗೆದಳು. ಕೆರೆಯಿಂದಾಚೆಗೆ ಪ್ರತ್ಯೇಕ ಒಪ್ಪಿಗೆ.

"ಮುಗೀತಾ ಅಕ್ಕ?"

"ಮುಗಿಯೋದೇನು, ಮರದ ಮೇಲೆ ಹತ್ತಿದ್ದು ಒಂದಿದೆ. ಶರ್ಫು ಜೊತೆ ಸಿನಿಮಾಗೆ ಹೋಗಿದ್ದು ಮೂರ್ಸಲ. ನಿನ್ನನ್ನ ತೊಟ್ಟಿಲಲ್ಲೇ ಬಿಟ್ಟು ಲಗೋರಿ ಆಡೋಕೆ ಹೋಗಿದ್ದು ಲೆಕ್ಕ ಇಲ್ಲ. ಕೂತ್ಕೋ."

ದೊಡ್ಡಮುನಿಯಪ್ಪ ಕೂತರು. ಕಾನೂನು ಕಾನೂನೇ ಅಲ್ಲವೇ. ಅಂದಿನಿಂದ ಪ್ರತಿ ಗುರುವಾರ ಅಕ್ಕ ಹೇಳುವುದು, ನಂದಿತಾ ಬರೆಯುವುದು, ತಮ್ಮ ಅಪ್ಪಣೆ ದಯಪಾಲಿಸುವುದು ನಡೆಯಿತು. ಮೊದಲೆರಡು ವಾರ ಅವರು ಷರತ್ತು ಹಾಕಿದರು. ಮೂರನೇ ವಾರ ಷರತ್ತು ಮರೆತು, "ಆಮೇಲೇನಾಯ್ತು ಅಕ್ಕ?" ಅಂದರು. ಸಮಿತಿಗೆ ಈ ಪದ್ಧತಿ ಎಷ್ಟು ಮೆಚ್ಚುಗೆಯಾಯಿತೆಂದರೆ, ಉಳಿದ ನಲವತ್ತು ಅಜ್ಜಿಯರ ತಮ್ಮಂದಿರಿಗೂ ಸುತ್ತೋಲೆ ಹೋಯಿತು. ನಲವತ್ತು ಅಜ್ಜಿಯರಿಗೂ ಇದ್ದಕ್ಕಿದ್ದಂತೆ ನಾಲ್ಕನೇ ವಾಕ್ಯ ನೆನಪಾಯಿತು.

ಕೊನೆಯ ಗುರುವಾರ ದೊಡ್ಡಮುನಿಯಪ್ಪ ಐವತ್ತೆಂಟನೇ ಫಾರಮ್ಮಿಗೆ ರೂಢಿಯಂತೆ ಓದದೆಯೇ ರುಜು ಹಾಕಿ, ತಾರೀಖಿನ ಜಾಗ ಖಾಲಿಯಿದ್ದದ್ದು ನೋಡಿದರು.

"ಇದು ಯಾವ ವರ್ಷದ್ದು ಅಕ್ಕ?"

"ಬರೋ ಭಾನುವಾರದ್ದು," ಅಂದರು ಪಟಾಲಮ್ಮ. "ಬಾಡಿಗೆ ಸೈಕಲ್ಲಿಗೆ ಹೇಳಿಟ್ಟಿದೀನಿ. ಹಿಂದೆ ಹಿಡ್ಕೊಳ್ಳೋಕೆ ಶರ್ಫು ಶಿವಾಜಿನಗರದಿಂದ ಆಟೋದಲ್ಲಿ ಬರ್ತಾಳೆ."

ವಿಷಯ ಸಮಿತಿಯ ಮುಂದೆ ಹೋಯಿತು. ಬಾಲಕಿಯ ಪೋಷಕರ ರುಜು ಕ್ರಮಬದ್ಧವಾಗಿರುವುದರಿಂದ ಸವಾರಿಗೆ ಯಾವ ಆಕ್ಷೇಪಣೆಯೂ ಇಲ್ಲವೆಂದು ಜಗದೀಶ್ ಷರಾ ಬರೆದರು. ಈ ಸಲ ಬ್ರೇಕ್ ಎಲ್ಲಿದೆ ಎಂದು ಮೊದಲೇ ತೋರಿಸತಕ್ಕದ್ದು ಎಂದಷ್ಟೇ ಕೆಳಗೆ ಸೇರಿಸಿದರು.